ಹುಲಿಗೆವ್ವನ ಪ್ರನಾಳ

ಒಬ್ಬ ವಿದ್ಯಾರ್ಥಿನಿಯ ಉಗುಳಿಗೆ ನಾನು ಹೇಸಿದೆ. ಹೇಸಿದ್ದನ್ನು ಮುಚ್ಚಲು ವಿಜ್ಞಾನದ ಹೆಸರಿನಲ್ಲಿ ಸುಳ್ಳು ಹೇಳಿದೆ. ಕೊನೆಗೆ ಆ ಹುಡುಗಿಯ ಬಾಯಿಂದಲೇ ನನ್ನ ಪರವಾಗಿ ಇನ್ನೊಂದು ಸುಳ್ಳು ಹೊರಟಾಗ ಸುಮ್ಮನೆ ನಿಂತೆ. ಇಷ್ಟು ಬರೆದು ನಿಲ್ಲಿಸಬಹುದಿತ್ತು — ಆದರೆ ವಿವರ ಬಿಟ್ಟರೆ ಮತ್ತೊಮ್ಮೆ ತಪ್ಪಿಸಿಕೊಂಡಂತಾಗುತ್ತದೆ.

ನಾನು ಲಕ್ಷ್ಮೇಶ್ವರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮದು ಗುಡಿಯ ಪೂಜೆ ಮಾಡಿಕೊಂಡು ಬಂದ ಮನೆತನ. ಉಂಡ ಜಾಗವನ್ನು ಸಾರಿಸದೆ ಯಾರೂ ದಾಟುವಂತಿರಲಿಲ್ಲ. ಲೋಟ ಯಾರದಾದರೂ ತುಟಿಗೆ ತಗುಲಿದರೆ ತಾಯಿ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಬಿ.ಎಸ್ಸಿ. ಓದಿದ ಮೇಲೆ ಅದೆಲ್ಲ ನನ್ನಿಂದ ಕಳಚಿಹೋಯಿತೆಂದು ನಂಬಿದ್ದೆ. ಮಕ್ಕಳ ಮುಂದೆ ಹಾಗೆಂದು ಭಾಷಣವನ್ನೂ ಮಾಡುತ್ತಿದ್ದೆ.

ಹುಲಿಗೆವ್ವ ಒಂಬತ್ತನೇ ತರಗತಿಯ ಹುಡುಗಿ, ಯಳವತ್ತಿಯಿಂದ ಬಸ್ಸಿಗೆ ಬರುತ್ತಿದ್ದಳು. ತಂದೆ ಇರಲಿಲ್ಲ, ತಾಯಿ ಹೊಲದ ಕೆಲಸಕ್ಕೆ ಹೋಗುತ್ತಿದ್ದಳು. ಅವರ ಮನೆ ಊರ ಹೊರಗಿನ ಕೇರಿಯಲ್ಲಿ. ಶಾಲೆಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಗಿಡಗಳ ಆಹಾರದ ಪಾಠ ನಡೆದಿತ್ತು. ದಾಸವಾಳದ ಎಲೆಯ ಅರ್ಧಕ್ಕೆ ಕಪ್ಪು ಕಾಗದ ಕಟ್ಟಿ ಬಿಸಿಲಿಗೆ ಬಿಟ್ಟಿದ್ದೆ. ಆಮೇಲೆ ಅದರ ಹಸಿರು ಬಿಡಿಸಿ ಅಯೋಡಿನ್ ಹನಿಸಿದಾಗ, ಬಿಸಿಲು ಕಂಡ ಭಾಗ ಕಡುನೀಲಿಯಾಯಿತು. ಅಲ್ಲಿ ಪಿಷ್ಟ ಇದೆಯೆಂದು ವಿವರಿಸಿದೆ. ಹುಲಿಗೆವ್ವ ಎದ್ದು ನಿಂತಳು.

"ಅಕ್ಕೋರ, ಗಿಡಕ್ಕ ಬಾಯಿ ಇಲ್ಲ, ಹೊಟ್ಟಿ ಇಲ್ಲ. ತಾ ಕೂಡಿಟ್ಟ ಪಿಷ್ಟಾನ ಹೆಂಗ ಕರಗಿಸ್ಕೊಂತೈತ್ರಿ?"

ಅಂಥ ಪ್ರಶ್ನೆ ನನ್ನ ತರಗತಿಯಲ್ಲಿ ಅಪರೂಪ. ಮೊಳಕೆಯೊಡೆಯುವ ಜೋಳದಲ್ಲಿ ಅಮೈಲೇಸ್ ಎಂಬ ಕಿಣ್ವ ಇರುತ್ತದೆ, ಅದು ಪಿಷ್ಟವನ್ನು ಸಕ್ಕರೆ ಮಾಡುತ್ತದೆ, ಅಂಥದೇ ಕಿಣ್ವ ನಮ್ಮ ಉಗುಳಿನಲ್ಲೂ ಇದೆ ಎಂದೆ. ಮರುದಿನ ತೋರಿಸುವೆನೆಂದೂ ಹೇಳಿದೆ. ಅವಳು ಕೂತ ಮೇಲೂ ನಗುತ್ತಲೇ ಇದ್ದಳು.

ಮರುದಿನ ತೆಳ್ಳಗಿನ ಅನ್ನದ ಗಂಜಿ ಮಾಡಿಕೊಂಡು ಹೋದೆ. ಯಾರು ಉಗುಳು ಕೊಡುತ್ತೀರಿ ಎಂದಾಗ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಹುಲಿಗೆವ್ವ ಬಾಯಿ ಮುಕ್ಕಳಿಸಿ ಬಂದು ಗಾಜಿನ ಪ್ರನಾಳದಲ್ಲಿ ಉಗುಳಿ ನನ್ನ ಕೈಗೆ ಕೊಟ್ಟಳು. ಸಣ್ಣ ನೊರೆ, ಗುಳ್ಳೆಗಳು, ಅಂಚಿನಿಂದ ಹೊರಗೆ ಇಳಿದ ಒಂದು ಎಳೆ — ಅದು ನನ್ನ ಬೆರಳಿಗೆ ಹತ್ತಿತು. ಬೆಚ್ಚಗಿತ್ತು. ಹೊಟ್ಟೆಯೊಳಗಿನದೆಲ್ಲ ಗಂಟಲಿಗೆ ಬಂತು. ಪ್ರನಾಳವನ್ನು ಮೇಜಿನ ಮೇಲೆ ಕುಕ್ಕಿದೆ, ಅಲ್ಲೇ ಇದ್ದ ಬಕೆಟ್ಟಿನಲ್ಲಿ ಕೈ ಅದ್ದಿ ಸಾಬೂನು ಹಚ್ಚಿ ತೊಳೆದೆ. ಮತ್ತೆ ಹಚ್ಚಿದೆ. ಇಡೀ ತರಗತಿ ನೋಡುತ್ತಿತ್ತು.

"ನಿನ್ನ ಉಗುಳು ನಡಿಯೂದಿಲ್ಲ. ಹೊರಗ ಚೆಲ್ಲಿ ಬಾ."

"ಯಾಕ್ರಿ ಅಕ್ಕೋರ?"

"ನಿನ್ನ ಬಾಯಾಗ ಆ ಕಿಣ್ವ ಸರಿ ಇಲ್ಲ."

ಪರೀಕ್ಷೆ ಮಾಡದೆಯೇ ಹೇಳಿದ ಮಾತದು. ಸುಳ್ಳೆಂದು ಹೇಳುವಾಗಲೇ ನನಗೆ ಗೊತ್ತಿತ್ತು. ಯಾರ ಉಗುಳಾದರೂ ನನಗೆ ಹಾಗೇ ಆಗುತ್ತಿತ್ತು ಎಂದು ಬಹಳ ವರ್ಷ ನನ್ನನ್ನು ನಾನೇ ಸಮಾಧಾನಪಡಿಸಿಕೊಂಡೆ. ಅದೂ ಸುಳ್ಳು. ಅವಳು ಚೆಲ್ಲಲು ಹೋದಾಗಲೇ ನಮ್ಮ ಓಣಿಯ ಹುಡುಗಿಯೊಬ್ಬಳನ್ನು ಕರೆದೆ. ಅವಳ ಪ್ರನಾಳವೂ ಒದ್ದೆಯಿತ್ತು, ಅದರಲ್ಲೂ ನೊರೆ ಇತ್ತು. ಬರಿಗೈಲಿ ಹಿಡಿದೆ. ಗಂಜಿ ಬೆರೆಸಿ, ಸ್ವಲ್ಪ ಹೊತ್ತು ಬಿಟ್ಟು, ಅಯೋಡಿನ್ ಹನಿಸಿದೆ. ನೀಲಿಯಾಗಲಿಲ್ಲ. ಪಿಷ್ಟ ಕರಗಿತ್ತು. ಮಕ್ಕಳು ಚಪ್ಪಾಳೆ ತಟ್ಟಿದರು. ಕೈ ತೊಳೆಯುವುದು ನನಗೆ ನೆನಪೇ ಆಗಲಿಲ್ಲ.

ಅಂದಿನಿಂದ ಬಿಸಿಯೂಟಕ್ಕೆ ಹುಲಿಗೆವ್ವನ ಪಕ್ಕ ಯಾರೂ ಕೂರಲಿಲ್ಲ. ಅವಳ ಉಗುಳು ಸರಿ ಇಲ್ಲವೆಂದು ಅಕ್ಕೋರೇ ಹೇಳಿದ್ದಾರೆ ಎಂದರಂತೆ. ಮಕ್ಕಳು ಮನೆಯಲ್ಲಿ ಕೇಳಿ ಬಂದದ್ದಕ್ಕೆ ನಾನು ಪುಸ್ತಕದ ಮುದ್ರೆ ಒತ್ತಿದ್ದೆ. ಅವಳು ಕೆಲವು ದಿನ ಗೋಡೆಯ ಕಡೆ ಮುಖ ಮಾಡಿ ಉಂಡಳು. ಆಮೇಲೆ ಉಣ್ಣುವುದನ್ನೇ ಬಿಟ್ಟಳು. ಮಧ್ಯಾಹ್ನದ ನನ್ನ ಪಾಠದಲ್ಲಿ ತಲೆ ಡೆಸ್ಕಿಗೆ ಇಟ್ಟಿರುತ್ತಿದ್ದಳು. ಹಸಿವೆಂದು ನನಗೆ ಗೊತ್ತಿತ್ತು — ಜಠರರಸದ ಬಗ್ಗೆ ಬೋರ್ಡಿನ ಮೇಲೆ ಬರೆಯುತ್ತಿದ್ದೆ.

ಒಂದು ದಿನ ಅವಳ ತಾಯಿ ಕೆಲಸ ಬಿಟ್ಟು ಶಾಲೆಗೆ ದೂರು ಹೇಳಲು ಬಂದಳು. ಹೆಡ್ಮಾಸ್ತರರು ನನ್ನನ್ನೂ ಹುಲಿಗೆವ್ವನನ್ನೂ ಕರೆಸಿದರು. ನಾನು ಹಾಗೆಲ್ಲ ಅಂದಿಲ್ಲ, ಪ್ರನಾಳ ಹೊಲಸಾಗಿತ್ತು, ಅದಕ್ಕೆ ಚೆಲ್ಲಲು ಹೇಳಿದೆ ಎಂದೆ. ಹೌದೇನು ಎಂದು ಅವರು ಹುಡುಗಿಯನ್ನು ಕೇಳಿದರು. ಅವಳು ನನ್ನ ಮುಖ ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ.

"ಹೌದ್ರಿ ಸರ್. ಪ್ರನಾಳ ಹೊಲಸಿತ್ರಿ."

ತಾಯಿ ಅವಳ ತಲೆಯ ಮೇಲೊಂದು ಹೊಡೆದಳು. "ಮನ್ಯಾಗ ಒಂದ ಹೇಳ್ತಿ, ಇಲ್ಲಿ ಒಂದ ಹೇಳ್ತಿ. ಅಕ್ಕೋರ ಕಾಲಿಗೆ ಬೀಳು."

ಹುಲಿಗೆವ್ವ ಬಗ್ಗಿದಳು. ಅವಳ ಕೈ ತಾಗುವ ಮೊದಲೇ ನನ್ನ ಪಾದ ಹಿಂದೆ ಸರಿಯಿತು. ಅವಳು ನೆಲ ಮುಟ್ಟಿ ಎದ್ದಳು.

ಹತ್ತನೇ ತರಗತಿ ಮುಗಿಸಿದ ಮೇಲೆ ಅವಳು ವಿಜ್ಞಾನ ಬಿಟ್ಟು ಗದಗಿನಲ್ಲಿ ಕಲಾ ವಿಭಾಗಕ್ಕೆ ಸೇರಿದಳೆಂದು ಕೇಳಿದೆ. ನಾನಂತೂ ಆ ಪ್ರಯೋಗವನ್ನು ಮತ್ತೆ ಮಾಡಿಸಲಿಲ್ಲ. ಬೋರ್ಡಿನ ಮೇಲೆ ಚಿತ್ರ ಬರೆದು ಮುಗಿಸುತ್ತೇನೆ.

ಹೋದ ವರ್ಷ ಗದಗಿನ ಬಸ್ ನಿಲ್ದಾಣದಲ್ಲಿ ಒಬ್ಬ ಹೆಂಗಸು ಹತ್ತಿರ ಬಂದು ಮಾತಾಡಿಸಿದಳು. ಹುಲಿಗೆವ್ವ. ಬೆಟಗೇರಿಯಲ್ಲಿ ಅಂಗನವಾಡಿ ನಡೆಸುತ್ತಾಳಂತೆ, ಪಕ್ಕದಲ್ಲಿ ಪುಟ್ಟ ಮಗಳಿದ್ದಳು. ಹಳೆಯದನ್ನು ಅವಳು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಮಗಳಿಗೆ ಉಣಿಸಲು ಡಬ್ಬಿ ತೆಗೆದಳು — ಸಜ್ಜಿ ರೊಟ್ಟಿ, ಮೊಳಕೆ ಹೆಸರುಕಾಳಿನ ಪಲ್ಯ. ಒಂದು ರೊಟ್ಟಿ ಮುರಿದು, ಪಲ್ಯ ಹಾಕಿ ನನ್ನತ್ತ ಚಾಚಿದಳು.

"ತಗೋರಿ ಅಕ್ಕೋರ."

ಅಷ್ಟು ವರ್ಷಗಳ ಪಶ್ಚಾತ್ತಾಪ, ರಾತ್ರಿಗಳ ಅಳು — ಎಲ್ಲ ಇದ್ದೂ ನನ್ನ ಹೊಟ್ಟೆ ಅದೇ ರೀತಿ ತೊಳಸಿತು.

"ಇವತ್ತ ಏಕಾದಶಿ. ನಂದು ಉಪವಾಸ."

ಹೇಳಿದ ಮೇಲೆ ನೋಡಿಕೊಂಡೆ. ನನ್ನ ಎಡಗೈಯಲ್ಲಿ ಅರ್ಧ ಕಚ್ಚಿದ ಬನ್ನು ಇತ್ತು. ಅವಳೂ ಅದನ್ನೇ ನೋಡುತ್ತಿದ್ದಳು.

"ಆತ್ರಿ," ಎಂದು ಆ ತುತ್ತನ್ನು ಮಗಳ ಬಾಯಿಗೆ ಇಟ್ಟಳು.

ನನಗೀಗ ಹೇಸಿಗೆ ಬರುವುದು ನನ್ನ ಮೇಲೆಯೇ — ಆದರೆ ಹಾಗೆ ಬರೆದುಕೊಳ್ಳುವುದರಲ್ಲೂ ಒಂದು ಸುಖವಿದೆ, ಅದಕ್ಕೂ ಹೇಸುತ್ತೇನೆ. ಬೆಳೆದ ಮನೆಯ ಮೇಲೆ ಇದನ್ನು ಹೊರಿಸಲಾರೆ. ನನಗೆ ಓದು ಇತ್ತು, ಪ್ರನಾಳ ಕೈಯಲ್ಲೇ ಇತ್ತು, ನಿಜ ಕಣ್ಣೆದುರೇ ಇತ್ತು.

ಈ ಭಾನುವಾರ ಯಳವತ್ತಿಗೆ ಹೋಗುತ್ತೇನೆ. ಹುಲಿಗೆವ್ವನ ತಾಯಿ ಈಗಲೂ ಅಲ್ಲೇ ಇದ್ದಾಳೆಂದು ವಿಚಾರಿಸಿ ತಿಳಿದಿದ್ದೇನೆ. ಅಂದು ಸುಳ್ಳು ಹೇಳಿದ್ದು ನಾನು, ಹೊಡೆತ ತಿಂದದ್ದು ನಿನ್ನ ಮಗಳು ಎಂದು ಆ ಕೇರಿಯಲ್ಲಿ, ನಾಲ್ಕು ಜನ ಕೇಳುವಂತೆ ಹೇಳಬೇಕು. ಅವಳು ಏನಾದರೂ ಅನ್ನಲಿ, ಏನೂ ಅನ್ನದಿರಲಿ. ಕುಡಿಯಲು ನೀರು ಕೊಟ್ಟರೆ ನನ್ನ ಹೊಟ್ಟೆ ಏನು ಮಾಡೀತೋ ನನಗೆ ಗೊತ್ತಿಲ್ಲ.