‘ಚೆನ್ನಾಗಿ ಬಲ್ಲೆ’ ಎಂದು ಸಹಿ ಹಾಕಿದ ಮೇಲೆ

ಮೊನ್ನೆ ನನಗೊಂದು ನೋಟಿಸ್ ಬಂತು.

ವಕೀಲೆಗೆ ನೋಟಿಸ್ ಬರುವುದರಲ್ಲೇನು ವಿಶೇಷ ಅನ್ನಬೇಡಿ. ಇಷ್ಟು ವರ್ಷ ಈ ತಾಲ್ಲೂಕಿನವರಿಗೆಲ್ಲ ನೋಟಿಸ್ ಕಳಿಸಿ ಹೊಟ್ಟೆ ಹೊರೆದುಕೊಂಡವಳು ನಾನು. ನನ್ನ ಹೆಸರಿಗೇ ಒಂದು ಬಂದದ್ದು ಇದೇ ಮೊದಲು. ಕಳಿಸಿದವರು ಯಾರು? ಬ್ಯಾಂಕಿನವರಲ್ಲ. ಎದುರು ಪಾರ್ಟಿಯೂ ಅಲ್ಲ. ನಮ್ಮೂರಿನ ಲೈಬ್ರರಿ.

ಅದೂ ಪೋಸ್ಟ್‌ಕಾರ್ಡಿನಲ್ಲಿ. (ಅಂದರೆ ನನಗಿಂತ ಮೊದಲು ಪೋಸ್ಟ್‌ಮ್ಯಾನ್ ಓದಿದ್ದ. “ಬುಕ್ ವಾಪಸ್ ಕೊಡ್ಬೇಕಂತೆ ಮೇಡಂ” ಎಂದು ಗೇಟಿನಲ್ಲೇ ಕೂಗಿ ಹೇಳಿದ.) “ತಾವು ಪರಿಚಯ ಸಹಿ ಮಾಡಿರುವ ಕುಮಾರಿ ಸಿಂಚನ ಎಂಬ ಸದಸ್ಯೆಯು ಪುಸ್ತಕ ಹಿಂದಿರುಗಿಸಿರುವುದಿಲ್ಲ. ಷರತ್ತಿನ ಪ್ರಕಾರ ತಾವೇ ಹೊಣೆ.”

ಸಿಂಚನ ಯಾರು?

ನಿಜ ಹೇಳುತ್ತೇನೆ, ನೆನಪಾಗಲಿಲ್ಲ. ನಾನು ನೋಟರಿಯೂ ಹೌದು. ಸಹಿ ಹಾಕುವುದೇ ಕಸುಬು. ಕೋರ್ಟ್ ಎದುರಿನ ಜೆರಾಕ್ಸ್ ಅಂಗಡಿಯ ನಾಗರತ್ನ ಕಾಗದಗಳ ಕಂತೆ ತಂದು ಮುಂದಿಡುತ್ತಾಳೆ. ಬೆರಳಿಟ್ಟು “ಇಲ್ಲಿ, ಇಲ್ಲಿ, ಆಮೇಲಿಲ್ಲಿ” ಅನ್ನುತ್ತಾಳೆ. ನಾನು ಫೋನಿನಲ್ಲಿ ಮಾತಾಡುತ್ತಲೇ ಹಾಕುತ್ತಾ ಹೋಗುತ್ತೇನೆ. ಅವಳಿಗೇ ಫೋನ್ ಮಾಡಿ ಕೇಳಿದೆ.

“ನಮ್ಮ್ ಹುಡ್ಗೀನೇ ಲಾಯರಮ್ಮ,” ಅಂದಳು ನಾಗರತ್ನ. “ಬೇಸ್ಗೆ ಶಿಬಿರಕ್ಕೆ ಸೇರ್ಬೇಕಂದ್ರೆ ಮೆಂಬರ್ ಆಗ್ಬೇಕು ಅಂದ್ರು. ಯಾರಾದ್ರೂ ದೊಡ್ಡೋರ್ ಸೈನ್ ಬೇಕಿತ್ತು. ನಿಮ್ ಕಂತೇಲಿ ಇಟ್ಬುಟ್ಟೆ.”

ಇಟ್ಟುಬಿಟ್ಟಳು. ನಾನು ಹಾಕಿಬಿಟ್ಟೆ. ಇಬ್ಬರಲ್ಲಿ ಯಾರ ತಪ್ಪು ದೊಡ್ಡದು?

ಮೇ ತಿಂಗಳು, ಕೋರ್ಟಿಗೆ ರಜೆ. ಬೆಟ್ಟದ ಬಂಡೆ ಕಾದು ಊರಿಗೆಲ್ಲ ಬಿಸಿ ಹಂಚುವ ಹೊತ್ತಿನಲ್ಲಿ ಕೊಡೆ ಹಿಡಿದು ಲೈಬ್ರರಿಗೆ ಹೋದೆ. ಎಷ್ಟು ವರ್ಷವಾಗಿತ್ತೋ ಹೋಗಿ. ಪೇಪರ್ ಓದುವವರು ಮಾತ್ರ ಇರುತ್ತಾರೆ ಅಂದುಕೊಂಡಿದ್ದರೆ ಒಳಗೆ ಸಂತೆ. ಒಂದು ಮೂಲೆಯಲ್ಲಿ ಚೆಸ್, ಇನ್ನೊಂದರಲ್ಲಿ ನಿವೃತ್ತ ಮೇಷ್ಟ್ರೊಬ್ಬರಿಂದ ಕಥೆ. ಗೋಡೆಯ ಮೇಲೆ ಡ್ರಾಯಿಂಗ್ ಶೀಟುಗಳನ್ನು ಅಂಟಿಸಿ ಮಕ್ಕಳೇ ಕೈಯಲ್ಲಿ ಬರೆದ ಪತ್ರಿಕೆ. ಹೆಸರು ‘ಬೇಸಿಗೆ ಸುದ್ದಿ’. ಅದಕ್ಕೊಂದು ಕಾನೂನು: ಪ್ರತಿ ಸುದ್ದಿಯ ಕೆಳಗೂ ಅದು ನಿಜ ಎಂದು ಬಲ್ಲವರೊಬ್ಬರ ಸಹಿ ಇರಬೇಕು. ‘ನಮ್ಮ ಬೀದಿಯ ನಲ್ಲಿಯಲ್ಲಿ ನಾಲ್ಕು ದಿನದಿಂದ ನೀರಿಲ್ಲ’ ಎಂಬ ಸುದ್ದಿಯ ಕೆಳಗೆ ವಾಟರ್‌ಮ್ಯಾನೇ ಸಹಿ ಹಾಕಿದ್ದ. (ದೊಡ್ಡವರ ಪತ್ರಿಕೆಗಳೂ, ನಮ್ಮ ವಾಟ್ಸಾಪ್ ಗ್ರೂಪುಗಳೂ ಈ ಕಾನೂನು ತಂದರೆ ಎಷ್ಟು ಸುದ್ದಿ ಉಳಿದೀತು?)

ಲೈಬ್ರರಿಯನ್ ರುದ್ರೇಶಪ್ಪನವರು ಮೃದು ಮನುಷ್ಯ, ಆದರೆ ರಿಜಿಸ್ಟರ್ ತೆರೆದರೆ ಗಟ್ಟಿ. “ಬಾಕಿ ಇರೋರಿಗೆ ಒಳಗೆ ಪ್ರವೇಶ ಇಲ್ಲ ಮೇಡಂ. ನಾನೇ ಮಾಡಿರೋ ರೂಲ್ಸು, ನಾನೇ ಮುರಿಯೋದು ಹೆಂಗೆ?” ಅಂದು ಕಿಟಕಿಯ ಕಡೆ ತೋರಿಸಿದರು.

ಕಿಟಕಿಯ ಆಚೆ, ಚಪ್ಪಲಿ ಬಿಡುವ ಜಾಗದಲ್ಲಿ, ಸರಳಿಗೆ ಮುಖ ಒತ್ತಿಕೊಂಡು ಎರಡು ಜಡೆಯ ಹುಡುಗಿ ಕಥೆ ಕೇಳುತ್ತಿದ್ದಳು. ನನ್ನ ಕುಮಾರಿ ಸಿಂಚನ.

“ಬುಕ್ ಎಲ್ಲಮ್ಮ?”

“ಕೊಟ್ಬುಟ್ಟೆ ಲಾಯರಮ್ಮ. ಡೇಟಿಗೆ ಸರಿಯಾಗಿ ಕೊಟ್ಟೆ.”

“ಎಲ್ಲಿ?”

“ಲೈಬ್ರರೀಲಿ.”

“ಇಲ್ಲ ಮೇಡಂ, ರಿಜಿಸ್ಟರಲ್ಲಿ ಬಂದಿಲ್ಲ,” ಅಂದರು ರುದ್ರೇಶಪ್ಪ.

ಎರಡು ಸಾಕ್ಷಿ, ಎರಡು ಹೇಳಿಕೆ, ಎರಡು ಮುಖದಲ್ಲೂ ಸುಳ್ಳಿಲ್ಲ. ಇಂಥ ಕಡೆ ಕೇಳಬೇಕಾದ ಪ್ರಶ್ನೆ ಒಂದೇ. “ಯಾವ ಲೈಬ್ರರೀಲಿ?”

“ಅಜ್ಜಿ ಊರಿನ್ ಲೈಬ್ರರೀಲಿ. ರಜಕ್ಕೆ ಹೋಗಿದ್ದೆ. ಅಲ್ಲಿದ್ದಾಗ್ಲೇ ಡೇಟು ಮುಗ್ದೋಯ್ತು. ಎರಡೂ ಸರ್ಕಾರದ್ದೇ ಅಲ್ವಾ?”

ರುದ್ರೇಶಪ್ಪನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಮ್ಮದು ಗ್ರಂಥಾಲಯ ಇಲಾಖೆ, ಹಳ್ಳಿಯದು ಪಂಚಾಯ್ತಿ, ಇಲಾಖೆಯೇ ಬೇರೆ ಎಂದು ಆ ಮಗುವಿಗೆ ವಿವರಿಸಲು ನೋಡಿದರು. ನನಗೋ ಒಳಗೊಳಗೇ ಕುತೂಹಲ. ಬ್ಯಾಂಕಿನ ಒಂದು ಬ್ರಾಂಚಿನಲ್ಲಿ ಕಟ್ಟಿದ್ದನ್ನು ಇನ್ನೊಂದು ಬ್ರಾಂಚಿನಲ್ಲಿ ತೆಗೆಯುವ ಕಾಲ ಇದು. ಅವಳ ಲೆಕ್ಕಾಚಾರದಲ್ಲಿ ತಪ್ಪೆಲ್ಲಿದೆ?

“ನನ್ ಸುದ್ದಿ ಹಳೇದಾಗ್ತಾ ಐತೆ,” ಅಂದಳು ಸಿಂಚನ. ಅಷ್ಟು ಹೊತ್ತಿಗೆ ಕಣ್ಣು ತುಂಬಿತ್ತು. ಕೋರ್ಟಿನ ನೋಟಿಸ್ ಬೋರ್ಡಿನ ಹಿಂದೆ ಗುಬ್ಬಿ ಮರಿ ಮಾಡಿದೆಯಂತೆ. ಜೆರಾಕ್ಸ್ ಅಂಗಡಿಯಿಂದ ದಿನಾ ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. “ಅವು ಹಾರೋದ್ಮೇಲೆ ಹಾಕಿದ್ರೆ ಏನ್ ಸುದ್ದಿ? ಶನಿವಾರ ಕಡೇ ಪತ್ರಿಕೆ.”

ಆ ಬೋರ್ಡಿನ ಮುಂದೆ ದಿನಾ ಓಡಾಡುವವಳು ನಾನು. ಗುಬ್ಬಿ ಕಂಡಿರಲಿಲ್ಲ.

ಮರುದಿನ ಬೆಳಿಗ್ಗೆ ನಾಗರತ್ನಳಿಗೆ ಹೇಳಿ, ಸಾಕ್ಷಿ ಸಿಂಚನಳನ್ನೂ ಜೊತೆಗೆ ಕರೆದುಕೊಂಡು ಪಾವಗಡದ ಬಸ್ ಹತ್ತಿದೆ. ಅಲ್ಲಿಂದ ತಿರುಮಣಿ ಕಡೆಯ ಇನ್ನೊಂದು ಬಸ್ಸು. (ಊರಿನ ಹೆಸರು ಬೇಡ. ಅಲ್ಲಿನ ಲೈಬ್ರರಿ ಮೇಡಂಗೆ ನನ್ನಿಂದ ಮೆಮೊ ಬರುವುದು ಬೇಡ.) ದಾರಿಯುದ್ದಕ್ಕೂ ಎರಡೂ ಕಡೆ ಸೋಲಾರ್ ಪ್ಯಾನೆಲ್ಲು, ಅದರ ನಡುವೆ ಸಿಂಚನಳ ಪ್ರಶ್ನೆ. ಮೋಡ ಬಂದರೆ ಬೆಂಗಳೂರಲ್ಲಿ ಕರೆಂಟ್ ಹೋಗುತ್ತಾ? ಗುಬ್ಬಿಗೆ ಕೋರ್ಟ್ ರಜೆ ಅಂತ ಹೆಂಗೆ ಗೊತ್ತಾಯ್ತು? ಎರಡಕ್ಕೂ “ಗೊತ್ತಿಲ್ಲಮ್ಮ” ಅಂದೆ. ಮೂರನೆಯದಕ್ಕೆ ನಿದ್ದೆ ಬಂದವಳಂತೆ ಕಣ್ಣು ಮುಚ್ಚಿದೆ.

ಹಳ್ಳಿಯ ಲೈಬ್ರರಿ ಒಂದೇ ಕೋಣೆ, ಚೊಕ್ಕಟವಾಗಿತ್ತು. ಮೇಡಂ ಹೆಸರು ಪದ್ಮಾ. ಸಿಂಚನಳನ್ನು ಕಂಡವರೇ ಎದ್ದು ನಿಂತರು. “ಬನ್ನಿ ಬನ್ನಿ, ದಾನಿಗಳು ಬಂದ್ರು.”

ಗೋಡೆಯ ಮೇಲೆ ‘ಪುಸ್ತಕ ದಾನಿಗಳು’ ಎಂಬ ಬೋರ್ಡು. ಹಾಲಿನ ಡೇರಿ ಅಧ್ಯಕ್ಷರು, ನಿವೃತ್ತ ಹೆಡ್‌ಮಾಸ್ಟರ್, ಅವರ ಕೆಳಗೆ ಸುಣ್ಣದ ಬಿಳಿಯಲ್ಲಿ ‘ಕು. ಸಿಂಚನ’. ಹುಡುಗಿ ಬಂದು “ತಗಳ್ಳಿ ಮೇಡಂ” ಎಂದು ಪುಸ್ತಕ ಕೈಗಿಟ್ಟು ಓಡಿಹೋಗಿದ್ದಳಂತೆ. ಮಕ್ಕಳ ಪುಸ್ತಕ ಕೊಡುವವರೇ ಇಲ್ಲದ ಕಡೆ ಪದ್ಮಾಗೆ ಖುಷಿಯೋ ಖುಷಿ. ನಮ್ಮೂರ ಲೈಬ್ರರಿಯ ಸೀಲು ಕಂಡರೂ, ರದ್ದು ಮಾಡಿ ಕೊಟ್ಟಿದ್ದಿರಬೇಕು ಅಂದುಕೊಂಡು ತಮ್ಮ ಸೀಲನ್ನೂ ಒತ್ತಿ, ನಂಬರೂ ಹಾಕಿದ್ದರು.

“ನಂಬರ್ ಬಿದ್ಮೇಲೆ ಹೊಡ್ದಾಕಕ್ಕಾಗಲ್ಲ ಮೇಡಂ, ಮೇಲಿಂದ ಆರ್ಡರ್ ಬೇಕು,” ಎಂದು ಪೇಚಾಡಿಕೊಂಡರು. “ಅದೂ ಅಲ್ದೆ ಬುಕ್ಕು ಈಗ ಹೊರಗೈತೆ. ಇವ್ರಜ್ಜೀನೇ ತಗೊಂಡೋಗವ್ರೆ.”

ಅಜ್ಜಿ ಅಂಜಿನಮ್ಮ ಹೊಂಗೆಮರದ ಕೆಳಗೆ ಕೂತು ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಿದ್ದರು. ‘ಯಾಕೆ’ ಎಂಬ ಪ್ರಶ್ನೆಗಳದ್ದೇ ಪುಸ್ತಕ ಅದು. ಮೊಮ್ಮಗಳು ಅರ್ಧ ಓದಿ ಹೇಳಿ ಊರಿಗೆ ಹೋಗಿದ್ದಳು, ಉಳಿದರ್ಧಕ್ಕೆ ಅಜ್ಜಿ ತಾವೇ ಮೆಂಬರ್ ಆಗಿದ್ದರು. ನಾನು ವಿಷಯವೆಲ್ಲ ಹೇಳಿ ಕೈಚಾಚಿದೆ.

“ಕೂಚೋ ತಲ್ಲೀ,” ಅಂದರು ತೆಲುಗಿನಲ್ಲಿ, ಕಣ್ಣೆತ್ತದೆ. “ಇಂಕಾ ಮೂಡು ಪೇಜೀಲು ಉಂಡಾಯಿ.” ಇನ್ನೂ ಮೂರು ಪುಟ ಇದೆಯಂತೆ. ಕೂತೆ. ನಡುವೆ ತಲೆಯೆತ್ತಿ ಕೇಳಿದರು, “ಸಂಜೆ ಹೊತ್ತು ನೆಳ್ಳು ಯಾಕಮ್ಮ ಉದ್ದ ಆಯ್ತದೆ?” ನಾನು ಸೂರ್ಯ, ಕೋನ ಎಂದೇನೋ ತೊದಲಿದೆ. “ಬುಕ್ಕಲ್ಲಿ ಇದ್ಕಿಂತ ಚೆಂದಾಗಿ ಬರ್ದವ್ರೆ,” ಎಂದು ಮತ್ತೆ ಓದತೊಡಗಿದರು.

ಮೂರು ಪುಟ ಮುಗಿಯಿತು. ಆದರೂ ಪುಸ್ತಕ ನನ್ನ ಕೈಗೆ ಬರಲಿಲ್ಲ. “ನನ್ನೆಸ್ರಲ್ಲಿ ತಂದಿವ್ನಿ. ಅಲ್ಗೇ ಕೊಡ್ತೀನಿ. ನಿಮ್ಗೆ ಬೇಕಂದ್ರೆ ನೀವು ಅಲ್ಲಿಂದ ತಗಳಿ.” ಎದ್ದು ನಡೆದೇ ಬಿಟ್ಟರು. ಮೊಮ್ಮಗಳ ಶಿಸ್ತು ಎಲ್ಲಿಂದ ಬಂದದ್ದು ಎಂದು ಆಗ ಗೊತ್ತಾಯಿತು.

ಲೈಬ್ರರಿಯಲ್ಲಿ ಪುಸ್ತಕ ಜಮೆಯಾಯಿತು. ನಾನು ತೆಗೆದುಕೊಳ್ಳಬೇಕಾದರೆ ಮೆಂಬರ್ ಆಗಬೇಕು. ಮೆಂಬರ್ ಆಗಲು ಊರಿನವರೊಬ್ಬರ ಸಹಿ ಬೇಕು. ಆ ಊರಿನಲ್ಲಿ ನನಗೆ ಗೊತ್ತಿರುವವರು ಇಬ್ಬರೇ. ಪದ್ಮಾ ಲೈಬ್ರರಿಯವರೇ ಆದ್ದರಿಂದ ಹಾಕುವಂತಿಲ್ಲ. ಉಳಿದದ್ದು ಅಂಜಿನಮ್ಮ. ಫಾರಂ ಮುಂದಿಟ್ಟೆ, ಅಭ್ಯಾಸಬಲದಿಂದ ಬೆರಳಿಟ್ಟು “ಇಲ್ಲಿ” ಅಂದೆ.

ಅವರು ನನ್ನ ಬೆರಳನ್ನು ಪಕ್ಕಕ್ಕೆ ಸರಿಸಿ ತಮ್ಮ ಬೆರಳಿಟ್ಟರು, ಮೇಲಿನ ಸಾಲಿನಿಂದ. ಹೆಸರು, ವಿಳಾಸ, ಷರತ್ತು ಒಂದು, ಷರತ್ತು ಎರಡು. ಫ್ಯಾನ್ ತಿರುಗುತ್ತಿತ್ತು. ಕೊನೆಯ ಸಾಲಿಗೆ ಬಂದು ಬೆರಳು ನಿಂತಿತು.

“‘ಇವರನ್ನು ಚೆನ್ನಾಗಿ ಬಲ್ಲೆ’ ಅಂತೈತೆ. ನಾನು ನಿಮ್ಮನ್ನ ನೋಡಿ ಇನ್ನೂ ಒಂದ್ ಗಂಟೆ ಆಗಿಲ್ವಲ್ಲಮ್ಮ. ಹೆಂಗ್ ಹಾಕ್ಲಿ?”

“ಎಲ್ಲರೂ ಹಂಗೇ ಹಾಕೋದು ಅಜ್ಜಿ,” ಅಂದೆ. ಹೇಳಬಾರದಿತ್ತು.

“ಎಲ್ರೂ ಹಾಕವ್ರೆ ಅಂತ್ಲೇ ಹೊಲದ ಪೇಪರ್ಗೆ ಆವತ್ತು ನಾನೂ ಹಾಕ್ದೆ,” ಅಂದರು, ಕಿಟಕಿಯಾಚೆ ಹೊಳೆಯುವ ಪ್ಯಾನೆಲ್ಲಿನ ಕಡೆ ಗಲ್ಲ ಎತ್ತಿ. “ಮೋಸ ಏನಿಲ್ಲ. ವರ್ಸ ವರ್ಸ ಬಾಡ್ಗೆ ಬತ್ತದೆ. ಆದ್ರೆ ಅಷ್ಟೊಂದು ಹಾಳೇಲಿ ಏನ್ ಬರ್ದಿತ್ತು ಅಂತ ಇವತ್ಗೂ ನಂಗೆ ತಿಳೀದು. ಆಮ್ಯಾಕೆ ಓದಾದ್ ಕಲ್ತೆ. ಓದ್ದೆ ಯಾವ್ದುಕ್ಕೂ ಹಾಕಲ್ಲ.”

ನಾಚಿಕೆಯಾಯಿತು ಎಂದು ಹೇಳಿಬಿಡುವುದೇ ವಾಸಿ.

ಆಮೇಲೆ ಶುರುವಾಯಿತು ನನ್ನ ವಿಚಾರಣೆ. ತೌರು ಯಾವುದು? ಕೊರಟಗೆರೆ ಹತ್ತಿರ. ಯಾಕೆ ಲಾಯರ್ ಆದೆ? ಅಪ್ಪ ಬೇಡ ಅಂದಿದ್ದಕ್ಕೆ. ಗಂಡ ಏನು ಮಾಡ್ತಾರೆ? ಸಿರಾದಲ್ಲಿ ಕೆಲಸ, ಮನೆಯಲ್ಲಿ ಇಸ್ಪೀಟು. ಸಾಲ ತಗೊಂಡ ಪಾತ್ರೆ ಪಗಡ ವಾಪಸ್ ಕೊಡ್ತೀಯಾ? ಪಕ್ಕದ ಮನೆಯ ಇಡ್ಲಿ ಕುಕ್ಕರ್ ಯುಗಾದಿಯಿಂದ ನಮ್ಮಲ್ಲೇ ಇದೆ ಎಂದು ಒಪ್ಪಿಕೊಳ್ಳಬೇಕಾಯಿತು. ಸಿಂಚನ ಪಕ್ಕದಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಏನೋ ಗೀಚುತ್ತಿದ್ದಳು. ಅರ್ಧ ಗಂಟೆ ಕಳೆದ ಮೇಲೆ ಅಂಜಿನಮ್ಮ ಪೆನ್ನು ಕೇಳಿದರು.

“ಈಗ ಬಲ್ಲೆ,” ಅಂದು, ದುಂಡಗಿನ ಅಕ್ಷರದಲ್ಲಿ ಸಹಿ ಹಾಕಿದರು. “ಕುಕ್ಕರ್ ಕೊಟ್ಬುಡಮ್ಮ.”

ಹೀಗೆ ನನ್ನ ಹೆಸರಲ್ಲಿ ತಂದ ಪುಸ್ತಕವನ್ನು ಸಿಂಚನ ತನ್ನ ಹೆಸರಲ್ಲಿ ನಮ್ಮೂರಿನ ಲೈಬ್ರರಿಗೆ ಒಪ್ಪಿಸಿದಳು. ರುದ್ರೇಶಪ್ಪನವರು ಎರಡು ಸೀಲುಗಳನ್ನು ಬೆಳಕಿಗೆ ಹಿಡಿದು ನೋಡಿದರು, ಉಸಿರು ಬಿಟ್ಟು ಟಿಕ್ ಹಾಕಿದರು. ಆದರೆ ಹದಿನೈದು ದಿನದೊಳಗೆ ನಾನದನ್ನು ಹಳ್ಳಿಗೆ ಕೊಡಬೇಕಲ್ಲ? ಕೊಡದಿದ್ದರೆ ನೋಟಿಸ್ ಹೋಗುವುದು ಅಂಜಿನಮ್ಮನಿಗೆ. ಆದ್ದರಿಂದ ಸಿಂಚನ ಮತ್ತೆ ಇಲ್ಲಿ ತೆಗೆದುಕೊಳ್ಳಬೇಕು, ನಾನು ಅಲ್ಲಿಗೆ ಒಯ್ಯಬೇಕು, ಅಲ್ಲಿಂದ ಮತ್ತೆ ತರಬೇಕು. ಗಂಡ ಹೆಂಡಿರ ಜಗಳದಲ್ಲಿ ಮಗುವಿಗೆ ಮಾಡುವ ಏರ್ಪಾಡು ಇದು. ಎರಡು ಇಲಾಖೆಗೆ ಆಗದ್ದನ್ನು ಒಂದು ಬಸ್ಸು ಮಾಡುತ್ತದೆ. ಬೇಡ ಎನ್ನುವ ರೂಲ್ಸು ರುದ್ರೇಶಪ್ಪನವರಿಗೂ ಸಿಗಲಿಲ್ಲ.

ಅಷ್ಟರಲ್ಲಿ ಗುಬ್ಬಿ ಮರಿಗಳು ಹಾರಿಹೋಗಿದ್ದವು. ನಾನೇ ಹೋಗಿ ಬೋರ್ಡಿನ ಹಿಂದೆ ಇಣುಕಿದೆ. ಬರೀ ಹುಲ್ಲು. ಅವಳಿಗೆ ಹೇಗೆ ಹೇಳಲಿ ಎಂದು ಸಂಕಟಪಡುತ್ತಾ ಶನಿವಾರ ಲೈಬ್ರರಿಗೆ ಹೋದರೆ, ಹುಡುಗಿ ಒಳಗೆ ನೆಲದ ಮೇಲೆ ಬೋರಲಾಗಿ ಮಲಗಿ ಸ್ಕೆಚ್ ಪೆನ್ನಿನಲ್ಲಿ ಬರೆಯುತ್ತಿದ್ದಳು. “ಅದು ಹಳೇದಾಯ್ತು ಬುಡಿ. ಬೇರೆ ಸುದ್ದಿ ಸಿಕ್ತು,” ಎಂದು ಎದ್ದು, ಶೀಟನ್ನು ನನ್ನ ಮುಂದೆ ಹಿಡಿದಳು. ನಿಜ ಎಂದು ಬಲ್ಲವರ ಸಹಿಗೆ ಕೆಳಗೆ ಜಾಗ ಬಿಟ್ಟಿದ್ದಳು.

‘ನಮ್ಮ ಅಜ್ಜಿ ಲಾಯರಮ್ಮನಿಗೆ ಸಹಿ ಹಾಕಿದರು. ಮೊದಲು ಫಾರಂ ಪೂರ್ತಿ ಓದಿದರು. ಆಮೇಲೆ ಲಾಯರಮ್ಮ ಯಾರು ಎಂದು ತಿಳಿದುಕೊಂಡರು. ಲಾಯರಮ್ಮನೂ ನನ್ನ ಫಾರಂಗೆ “ಚೆನ್ನಾಗಿ ಬಲ್ಲೆ” ಎಂದು ಸಹಿ ಹಾಕಿದ್ದರು. ಆಗ ಅವರು ನನ್ನನ್ನು ನೋಡಿರಲಿಲ್ಲ.’

ಕನ್ನಡಕ ಹಾಕಿಕೊಂಡು ಓದಿದೆ. ಇನ್ನೊಂದು ಸಲ, ಬೆರಳಿಟ್ಟು ಓದಿದೆ. ಸಹಿ ಹಾಕದಿರಲು ಒಂದೇ ಒಂದು ಕಾರಣ ಸಿಗಲಿಲ್ಲ.