ಒದ್ದೆ ತೋಳಿನ ಅಳತೆ ಸಾರ್

ಹರ್ಷಿತಾ, ತೇಜು, ನಿಮ್ಮ ಅಜ್ಜಿ ನಾನು ಹೇಳಹೊರಟಿರುವವರ ಎರಡೂ ತೋಳು ಯಾವಾಗಲೂ ಮೊಣಕೈವರೆಗೆ ಒದ್ದೆಯಾಗಿರುತ್ತಿದ್ದವು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಗಾರೆಯವರ ಬಳಿ ಇರುವಂಥ ಪುಟ್ಟ ರಸಮಟ್ಟ, ಬೆರಳ ತುದಿಯಿಂದ ತೊಟ್ಟಿಕ್ಕುವ ನೀರು. ಮಂಡ್ಯದ ಆಸ್ಪತ್ರೆಯಲ್ಲಿ ಮೊದಲ ದಿನ ಕಂಡಾಗ ನೆಲ ಒರೆಸಲು ಬಂದವರೆಂದು ಬೆಂಚಿನ ಮೇಲೆ ಕಾಲೆತ್ತಿ ಕುಳಿತೆ. ಅವರು ನಕ್ಕು, "ಕಾಲ್ ಇಳ್ಸಿ ಕಣಮ್ಮ, ನಾನು ಅಳೆಯೋನು" ಎಂದರು. ಏನನ್ನು ಅಳೆಯುತ್ತಾರೆಂದು ಕೇಳಲು ನಾಚಿಕೆಯಾಯಿತು. ಅಂದಿನಿಂದ ನಮ್ಮ ಬಾಯಲ್ಲಿ ಅವರು ಅಳತೆ ಸಾರ್. ಮಳವಳ್ಳಿ ಕಡೆಯವರು, ಅಷ್ಟು ಓದಿದ್ದರೂ ನಮ್ಮ ಜೊತೆ ನಮ್ಮ ಮಾತೇ.

ನನ್ನ ಎದೆಯಲ್ಲಿ ಗೆಡ್ಡೆಯಾಗಿ, ಆಪರೇಷನ್ ಆದ ಮೇಲೆ ಕರೆಂಟು, ಅಂದರೆ ನೀವು ಹೇಳುವ ರೇಡಿಯೇಷನ್, ಕೊಡಿಸಬೇಕು ಎಂದಿದ್ದರು. ಒಂದು ದಿನವೂ ತಪ್ಪಬಾರದು ಎಂದು ಡಾಕ್ಟರು ಹೆದರಿಸಿದ್ದರಿಂದ ನಿಮ್ಮ ತಾತ ಕೊತ್ತತ್ತಿಯಿಂದ ಬೆಳಗಿನ ಬಸ್ಸಿಗೆ ನನ್ನನ್ನು ಕರೆತರುತ್ತಿದ್ದರು. ಆ ಕರೆಂಟು ಕಣ್ಣಿಗೆ ಕಾಣುವುದಿಲ್ಲ, ಮೈಗೆ ಬಿಸಿ ತಾಕುವುದಿಲ್ಲ. ಮಿಷನ್ನಿನ ಒಂದು ತೋಳು ಮಂಚದ ಕೆಳಗೆ ಚಾಚಿ, ಚೌಕನೆಯ ಹಲಗೆಯೊಂದನ್ನು ಅಂಗೈಯಂತೆ ಹಿಡಿದಿರುತ್ತಿತ್ತು. ನನ್ನ ಮೈ ದಾಟಿ ಬಂದದ್ದನ್ನು ಅದು ಚಿತ್ರವಾಗಿ ತೋರಿಸುತ್ತದಂತೆ.

"ಅಲಗೆಗೆ ಕಣ್ಣದೆ, ಲೆಕ್ಕ ಬರಲ್ಲ" ಎನ್ನುತ್ತಿದ್ದರು ಸಾರ್. "ಒಸಾ ಪಾತ್ರೆ ತಂದ್ರೆ ಸೇರಲ್ಲಿ ಅಳ್ದು ಸುರ್ದು, ಎಷ್ಟು ಇಡೀತದೆ ಅಂತ ನೋಡ್ಕೊಳಲ್ವಾ? ಅಂಗೆ. ಮೊದ್ಲು ನೀರಿಗೆ, ಆಮ್ಯಾಕೆ ನಿಮ್ಗೆ."

ತೊಟ್ಟಿಯಲ್ಲಿ ನೀರು ತುಂಬಿ, ಅಳೆಯುವ ಕಡ್ಡಿ ಮುಳುಗಿಸಿ, ಆ ನೀರಿಗೇ ಕರೆಂಟು ಕೊಟ್ಟು, ಕಡ್ಡಿ ಹೇಳಿದ ಲೆಕ್ಕಕ್ಕೆ ಹಲಗೆಯ ಚಿತ್ರವನ್ನು ಹೊಂದಿಸುತ್ತಿದ್ದರು. ಮನುಷ್ಯರಿಗೆ ಕೊಡುವುದನ್ನು ನೀರಿಗೆ ಏಕೆ ಕೊಡಬೇಕು? ಇವತ್ತಿಗೂ ನನಗೆ ಪೂರ್ತಿ ತಿಳಿದಿಲ್ಲ. ಆಗ ಸುಮ್ಮನೆ ತಲೆಯಾಡಿಸುತ್ತಿದ್ದೆ.

ಒಂದು ದಿನ ಯಾರನ್ನೂ ಒಳಗೆ ಕರೆಯಲಿಲ್ಲ. ಹಲಗೆಯ ಚಿತ್ರದಲ್ಲಿ ಗುಂಡಗೆ ಕಪ್ಪು ಮಚ್ಚೆಯೊಂದು ಬರುತ್ತಿದೆ, ಕೆಟ್ಟಿರುವುದು ಹಲಗೆಯೋ ಕರೆಂಟೋ ತಿಳಿಯುವವರೆಗೆ ಯಾರನ್ನೂ ಮಲಗಿಸುವುದಿಲ್ಲ ಎಂದರು ಸಾರ್. ಮದ್ದೂರಿನಿಂದ ಬರುತ್ತಿದ್ದ ಅಜ್ಜಿಯೊಬ್ಬರು, "ಏನ್ ಸಾರ್, ಮಿಷನ್ಗೂ ಜ್ವರ ಬಂತಾ? ನಮ್ಗಿಂತ ಅದುಕ್ಕೇ ಆರೈಕೆ ಜಾಸ್ತಿ ಆಯ್ತು" ಎಂದು ಚುಚ್ಚಿದರು. ನನಗೆ ನಗು ಬರಲಿಲ್ಲ. ದಿನ ತಪ್ಪಿ ಗೆಡ್ಡೆ ಮತ್ತೆ ಬಂದರೆ? ಇದುವರೆಗೆ ಕೊಟ್ಟದ್ದೂ ತಪ್ಪಾಗಿದ್ದರೆ?

ಮಧ್ಯಾಹ್ನ ಸಾರ್ ಹೊರಬಂದರು. ಅಂಗೈಯಲ್ಲಿ ಅರಿಶಿನ ಬಟ್ಟೆಯ ಪುಟ್ಟ ಮುಡಿಪು. ಹರಕೆ ಹೊತ್ತು ಕಾಸು ಕಟ್ಟಿಡುತ್ತೇವಲ್ಲ, ಅದು. ಹಲಗೆಯ ಮುಚ್ಚಳದ ಸಂದಿಯಲ್ಲಿತ್ತಂತೆ.

"ಯಾರ್ದು ಇದು?"

ಬಟ್ಟೆ ನನ್ನ ಹಳೆಯ ಸೀರೆಯದೆಂದು ನೋಡಿದ ಕೂಡಲೇ ಗೊತ್ತಾಯಿತು. ಹಿಂದಿನ ದಿನ ನನ್ನನ್ನು ಮಂಚದಿಂದ ಇಳಿಸಲು ನಿಮ್ಮ ತಾತ ಒಳಗೆ ಬಂದಿದ್ದರು. ಈಗ ಚಪ್ಪಲಿ ನೋಡುತ್ತಾ ಎದ್ದು ನಿಂತರು.

"ನಂದೇ ಸಾರ್. ಅದು ಕೈ ಚಾಚ್ಕೊಂಡಿತ್ತು. ಕೊಟ್ಬುಟ್ಟೆ."

ಬೈಯುತ್ತಾರೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಸಾರ್ ಮುಡಿಪನ್ನು ಅಂಗೈಯಲ್ಲೇ ಹೊರಳಿಸಿ, ಒಳಗಿನ ಕಾಸನ್ನು ಬೆರಳಿನಿಂದ ಒತ್ತಿ ನೋಡಿದರು. "ಬೆಳಿಗ್ಗೆಯಿಂದ ಅಲಗೆ ಸುಳ್ಳೇಳ್ತದೆ ಅಂತಿದ್ದೆ ಕಣಪ್ಪ. ಅದು ನಿಜಾನೇ ಏಳ್ತಿತ್ತು, ಆ ಮಚ್ಚೆ ಈ ಕಾಸಿಂದು. ಇದು ನನ್ನ ಮೇಜಿನ ಮ್ಯಾಲಿರ್ಲಿ ಬುಡಿ, ಮಿಷನ್ಗೆ ಬ್ಯಾಡ."

"ಸಿಕ್ತಲ್ಲಾ, ಸುರು ಮಾಡಿ ಮತ್ತೆ" ಎಂದರು ಮದ್ದೂರಿನ ಅಜ್ಜಿ.

"ಮುಚ್ಚಳ ಬಿಚ್ಚಿವ್ನಿ ಕಣಜ್ಜಿ. ಇನ್ನೊಂದ್ಸಲ ನೀರಿಂದಾನೇ ಬರ್ಬೇಕು" ಎಂದು ತೋಳು ಮಡಿಸುತ್ತಾ ಒಳಗೆ ಹೋದರು. ನನ್ನ ಸರದಿ ಬಂದಾಗ ಹೊರಗೆ ಬೀದಿದೀಪ ಹತ್ತಿತ್ತು. ಆದರೆ ಅಂದು ಯಾರಿಗೂ ದಿನ ತಪ್ಪಲಿಲ್ಲ.

ನನ್ನ ಕರೆಂಟು ಮುಗಿದ ದಿನ ಸಾರ್ ಮುಡಿಪನ್ನು ತಾತನ ಕೈಗಿಟ್ಟು, "ಇನ್ನು ನಿಮ್ಮ ದೇವ್ರಿಗೆ ಒಪ್ಸಿ" ಎಂದರು. ತಾತ ಅದನ್ನು ಪೆಟ್ಟಿಗೆಯಲ್ಲಿಟ್ಟರು. ಹೋಗೋಣ ಹೋಗೋಣ ಎನ್ನುತ್ತಲೇ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕುಸಿದವರು ಏಳಲೇ ಇಲ್ಲ. ಗೆಡ್ಡೆ ಬಂದಿದ್ದ ನಾನು ಉಳಿದೆ. ಅವರು ಯಾವ ದೇವರಿಗೆ ಹರಕೆ ಹೊತ್ತಿದ್ದರೋ, ನಾನು ಕೇಳಿರಲೇ ಇಲ್ಲ. ಸಾರ್‌ಗೆ ಹೇಳಿರಬಹುದೆಂದು ಮುಂದಿನ ತಪಾಸಣೆಗೆ ಹೋದಾಗ ವಿಚಾರಿಸಿದೆ. ಒಳಗಿನಿಂದ ಒದ್ದೆ ತೋಳಿನ ಹುಡುಗಿಯೊಬ್ಬಳು ಬಂದು, "ಸಾರ್ ತೀರಿಕೊಂಡ್ರು ಅಮ್ಮ. ಇದನ್ನೆಲ್ಲ ನಂಗೆ ಕಲಿಸಿದ್ದು ಅವ್ರೇ" ಎಂದಳು. ಅವಳ ಕೈಯಿಂದ ನೆಲಕ್ಕೆ ಬೀಳುತ್ತಿದ್ದ ನೀರನ್ನೇ ನೋಡುತ್ತಾ ನಿಂತೆ.

ಆ ಹಲಗೆಗೋ, ಸಾರ್‌ಗೋ, ಯಾವುದೋ ದೇವರಿಗೋ, ಈ ಮುಡಿಪು ಯಾರಿಗೆ ಸಲ್ಲಬೇಕೆಂದು ನನಗೆ ತಿಳಿಯದು. ನೀವು ಓದಿದವರು, ನಿಮಗಾದರೂ ತಿಳಿದೀತು. ಮುಡಿಪನ್ನು ಈ ಹಾಳೆಗಳ ನಡುವೆಯೇ ಇಟ್ಟಿದ್ದೇನೆ. ಹಾಳೆ ಜೋಪಾನ, ಮಕ್ಕಳೇ. ಬಟ್ಟೆಯನ್ನು ಮಾತ್ರ ಬಿಚ್ಚಬೇಡಿ.