ಕೀಲಿ ಗಿರಿಜಕ್ಕನ ಕೈಯಲ್ಲಿ

ಗೆಳೆಯರೇ, ಬೆಳಗ್ಗೆ ನಡೆದದ್ದನ್ನು ಕೇಳಿ. ನಾನಿರುವುದು ಕೊಪ್ಪಳದ ಭಾಗ್ಯನಗರದಲ್ಲಿ, ನನ್ನ ಎರಡು ಕೋಣೆಯ ಹೋಮ್‌ಸ್ಟೇ ಇರುವುದು ಆನೆಗೊಂದಿಯಲ್ಲಿ. ಅಲ್ಲಿ ಬುಕಿಂಗ್, ಕೀಲಿ, ಕಸ ಎಲ್ಲ ನೋಡಿಕೊಳ್ಳುವುದು ಪಕ್ಕದ ಮನೆಯ ಗಿರಿಜಕ್ಕ. ಬುಕಿಂಗ್ ಆ್ಯಪಿನ ಭಾಷೆಯಲ್ಲಿ ಕೋ-ಹೋಸ್ಟ್. ಪ್ರತಿ ಬುಕಿಂಗಿಗೂ ಆಕೆಗೆ ಪರ್ಸೆಂಟ್ ಹೋಗುವಂತೆ ನಿನ್ನೆಯಷ್ಟೇ ಹಾಕಿದ್ದೆ. ಇಂದು ಅತಿಥಿಗಳು ಬಾಗಿಲಿಗೆ ಬಂದ ಹೊತ್ತಿಗೇ ಆಕೆಯ ಫೋನ್.

“ಪರ್ಸೆಂಟ್ ಒಲ್ಲೆ ತಮ್ಮಾ. ಮಂದಿ ಬರಲಿ ಬಿಡಲಿ, ಕಸಾ ಬೀಳೂದು ಬಿಡತೈತೇನು? ಮಂಗ್ಯಾ ಹಂಚು ತಗಿಯೂದು ಬಿಡತಾವೇನು?”

“ಅಕ್ಕಾರ, ಮೊದಲ ಅವರಿಗೆ ಕೀಲಿ ಕೊಡ್ರಿ! ಸಿಟ್ಟಾಗಿ ಒಂದ ಸ್ಟಾರ್ ಕೊಟ್ರ ನನ್ನ ಕಥಿ ಮುಗೀತು.”

“ನಮ್ಮಪ್ಪ ಬಡಗಿ. ಬಿತ್ತೂ ಕೂರಿಗಿ ಮುರೀಲಿ ಬಿಡಲಿ, ಸುಗ್ಗ್ಯಾಗ ರೈತರು ವರ್ಷದ ಕೂಲಿ, ಆಯಾ ಅಂತ ಕಾಳು ಅಳೀತಿದ್ರು. ನನಗೂ ಹಂಗ ಆಯಾ ಕೊಡಪಾ. ಶ್ರೀರಾಮನಗರದಾಗ ನಿಮ್ಮ ಮಾವಂದು ಗದ್ದಿ ಐತಲ್ಲ!”

ಆ್ಯಪಿನಲ್ಲಿ ಪರ್ಸೆಂಟಿಗೆ ಜಾಗವಿದೆ, ರೂಪಾಯಿಗೆ ಇದೆ, ಭತ್ತದ ಚೀಲಕ್ಕೆ ಇಲ್ಲ. ಮಾವನನ್ನು ಯಾವ ಬಾಯಿಂದ ಕೇಳಲಿ? ಆದರೂ “ಆತ್ರಿ, ಸುಗ್ಗಿಗೆ ಎರಡು ಚೀಲ” ಎಂದುಬಿಟ್ಟೆ.

ಫೋನಿಡುವಷ್ಟರಲ್ಲಿ ಅತಿಥಿಗಳ ಮೆಸೇಜ್. ಹೆದರುತ್ತಲೇ ತೆರೆದೆ.

“ಓನರ್ ಆಂಟಿ ತುಂಬಾ ಒಳ್ಳೆಯವರು. ತಮ್ಮ ಮನೆಯಲ್ಲೇ ಕೂರಿಸಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಕೊಟ್ಟರು. ಪಾಪ, ಅವರ ಮ್ಯಾನೇಜರ್ ಯಾರೋ ಫೋನಿನಲ್ಲಿ ಸುಮ್ಮನೆ ಗಾಬರಿಯಾಗುತ್ತಿದ್ದರು.”

ಈಗ ಆಯ ಯಾರು ಯಾರಿಗೆ ಅಳೆಯಬೇಕು, ನೀವೇ ಹೇಳಿ.